ಅಂತರಗಂಗೆ ಹಿಡಿದಿಟ್ಟ ಉಸಿರು

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಬೆಟ್ಟ ಮುಟ್ಟಿದರೆ ಕೈಗೆ ಹಸಿರು ಮೆತ್ತಿಕೊಳ್ಳುತ್ತಿತ್ತು, ಆಕಾಶಕ್ಕೆ ಮೂಗು ತಾಗಿದರೆ ಮೂಗು ನೀಲಿ. ಅಂಥ ಕಾಲದಲ್ಲಿ ಒಂದು ಕೆರೆ ಇತ್ತು. ಆ ಕೆರೆಯಲ್ಲಿ ಕುಚ್ಚವ್ವ ಅನ್ನೋ ಕುಚ್ಚುಮೀನು ಇತ್ತು. ಅವಳಿಗೆ ಮುನ್ನೂರು ಮಕ್ಕಳು, ಎಲ್ಲವೂ ಕೆಂಪು ಕೆಂಪು, ಎಲ್ಲವೂ ತುಂಟ.

ಮಕ್ಕಳು ಆಮೆ ಮೇಷ್ಟ್ರ ಹತ್ತಿರ ಪಾಠಕ್ಕೆ ಹೋಗುತ್ತಿದ್ದವು. ತೂಬಿನ ಕಲ್ಲೇ ಶಾಲೆ. ಇದ್ದದ್ದೇ ಒಂದು ಪಾಠ.

"ಕೆರೆಗೆ ಹೊಸಬರು ಬಂದರೆ ಏನು ಕೇಳಬೇಕು?"

"ಏನು ತಿಂತೀಯ? ಎಲ್ಲಿ ಮಲಗ್ತೀಯ? ನಿನ್ನನ್ನ ತಿನ್ನೋರು ಯಾರು?"

ಎಲ್ಲಕ್ಕಿಂತ ಚಿಕ್ಕವನು ಚಿಟ್ಟ. ಅವನು ಬಾಲ ಕುಣಿಸಿ, "ಮೇಷ್ಟ್ರೇ, ಮೂರನೇದು ಕೇಳೋಕೆ ನಾಚಿಕೆ ಆಗ್ತದೆ," ಅಂದ.

"ನಾಚಿಕೊಂಡರೆ ಕೆರೆ ಉಳಿಯಲ್ಲ ಕಣೋ. ಸೊಳ್ಳೆಮರಿ ನಿಮಗೆ ಊಟ. ನೀವು ಯಾರಿಗೆ ಊಟ?"

"ನನಗೆ!" ಅಂದಿತು ಕೊಂಬೆಯ ಮೇಲಿದ್ದ ಮಿಂಚುಳ್ಳಿ. "ಹೆದರಬೇಡಿ, ಇವತ್ತು ಹೊಟ್ಟೆ ತುಂಬಿದೆ. ಪಾಠ ನಡೀಲಿ."

ಒಂದು ದಿನ ಯಾರೋ ದಾರಿಹೋಕ ಬಂದ. ಹೂವಿನ ಚೆಂದಕ್ಕೆ ಮರುಳಾಗಿ ಏಳು ಕಡಲಿನಾಚೆಯಿಂದ ಒಂದು ಗಿಡವನ್ನು ಮಡಕೆಯಲ್ಲಿಟ್ಟು ತಂದಿದ್ದ. ತೋಳು ಸೋತಿತ್ತು. ಕೆರೆ ಕಂಡದ್ದೇ ಗಿಡವನ್ನು ನೀರಿಗಿಳಿಸಿ, "ಇಲ್ಲಿ ಸುಖವಾಗಿರು ತಾಯಿ," ಅಂದು ತನ್ನ ದಾರಿ ಹಿಡಿದ. ಅವನ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಅದೇ ಅಂತರಗಂಗೆ. ಆಗ ಅವಳ ದಂಟು ಹುಲ್ಲಿನ ಹಾಗೆ ಸಣ್ಣ. ತಲೆಯ ಮೇಲೆ ಮಾತ್ರ ತಿಳಿನೇರಳೆ ಹೂವು.

"ಅಕ್ಕಾ, ಒಂಚೂರು ಜಾಗ ಕೊಡ್ತೀಯಾ? ನನ್ನ ಬೇರು ನೆಲ ಮುಟ್ಟಲ್ಲ. ಊರೂರು ಅಲೆದು ಸಾಕಾಗಿದೆ."

ಕುಚ್ಚವ್ವನ ಕರುಳು ಚುರ್ ಅಂದಿತು. ಮಕ್ಕಳು ಸುತ್ತ ನೆರೆದವು.

"ಏನು ತಿಂತೀಯ?"

"ಬಿಸಿಲು."

"ಎಲ್ಲಿ ಮಲಗ್ತೀಯ?"

"ಗಾಳಿ ನೂಕಿದ ಕಡೆ."

ಚಿಟ್ಟ ಧೈರ್ಯ ಮಾಡಿ ಬಾಯಿ ತೆರೆದ. ಕುಚ್ಚವ್ವ ಬಾಲದಿಂದ ಒಂದು ಕೊಟ್ಟಳು. "ಮನೆಗೆ ಬಂದ ನೆಂಟರನ್ನ 'ನಿನ್ನನ್ನ ತಿನ್ನೋರು ಯಾರು' ಅಂತ ಕೇಳ್ತಾರೇನೋ, ಮಂಕೆ! ಇರಮ್ಮ ತಂಗಿ, ಇದೂ ನಿನ್ನ ಮನೆ ಅಂದ್ಕೋ."

ಆಮೆ ಮೇಷ್ಟ್ರು ಕತ್ತು ಹೊರಗೆ ಹಾಕಿ, ಏನೋ ಹೇಳಲು ಹೋಗಿ, ಮತ್ತೆ ಒಳಗೆ ಎಳೆದುಕೊಂಡರು.

ಒಂದು ಗಿಡ ಎರಡಾಯಿತು. ಎರಡು ನಾಲ್ಕಾಯಿತು. ನೆರಳು ಬಂತೆಂದು ಮಕ್ಕಳು ಕುಣಿದವು. ನಾಲ್ಕು ನಲವತ್ತಾಯಿತು, ನಲವತ್ತು ನಾನೂರಾಯಿತು. ಏರಿಯಿಂದ ಆಚೆ ದಡಕ್ಕೆ ಹಸಿರು ಕಂಬಳಿ ಹೊದಿಸಿದ ಹಾಗೆ. ಕೆಳಗೆ ನಡುಮಧ್ಯಾಹ್ನವೇ ಕತ್ತಲು. ಬಿಸಿಲು ಇಲ್ಲ, ಗಾಳಿ ಇಲ್ಲ. ನೀರು ಉಸಿರು ಕಳೆದುಕೊಂಡಿತು.

ಒಂದು ಬೆಳಗ್ಗೆ ನೋಡಿದರೆ ಚಿಟ್ಟ ಮಗ್ಗುಲಾಗಿ ಮಲಗಿದ್ದ. ಬಾಯಿ ತೆರೀತಿತ್ತು, ಮುಚ್ಚುತ್ತಿತ್ತು.

"ಅವ್ವಾ, ನೀರೊಳಗೆ ಏನೂ ಇಲ್ಲ."

ಕುಚ್ಚವ್ವ ಮೇಲಕ್ಕೆ ನುಗ್ಗಿದಳು. ಬೇರಿನ ಚಾಪೆಗೆ ತಲೆ ಗುದ್ದಿದಳು, ಮತ್ತೆ ಗುದ್ದಿದಳು. ತಲೆ ಚಪ್ಪಟೆಯಾಯಿತು, ಬಿಡಲಿಲ್ಲ. ಕೊನೆಗೆ ಒಂದು ಕಿಂಡಿ ಬಿತ್ತು. ಬಾಯಿ ಹೊರಗಿಟ್ಟು ಗುಳುಕ್ ಅಂತ ಗಾಳಿಯನ್ನೇ ಕುಡಿದಳು. ಜೀವ ಬಂತು! ಕೆಳಗಿಳಿದು ಚಿಟ್ಟನನ್ನು ಮೂತಿಯಿಂದ ಮೇಲೆತ್ತಿದಳು.

"ಕುಡಿ ಮಗಾ, ಕುಡಿ."

ಗುಳುಕ್. ಚಿಟ್ಟನ ಬಾಲ ಅಲ್ಲಾಡಿತು. ಹಿಂದೆಯೇ ಉಳಿದ ಮಕ್ಕಳೂ ಬಂದವು. ಗುಳುಕ್, ಗುಳುಕ್.

ಕುಚ್ಚಿನ ಮಕ್ಕಳು ಕಲಿತವು. ಪಾಪ, ಕೆರೆಯಲ್ಲಿದ್ದ ಗೆಂಡೆಮೀನುಗಳಿಗೆ ಆ ವಿದ್ಯೆ ಹತ್ತಲಿಲ್ಲ. ಅವು ಒಂದೊಂದೇ ಹೊಟ್ಟೆ ಮೇಲಾಗಿ ತೇಲಿದವು. ಅದನ್ನು ನೋಡಲಾರದೆ ಕುಚ್ಚವ್ವ ಅಂತರಗಂಗೆಯ ಹತ್ತಿರ ಹೋಗಿ ಅವತ್ತು ಕೇಳದೆ ಬಿಟ್ಟ ಮಾತನ್ನು ಕೇಳಿದಳು.

"ತಂಗಿ, ನಿನ್ನನ್ನ ತಿನ್ನೋರು ಯಾರು?"

ಅಂತರಗಂಗೆ ಗೊಳೋ ಅಂತ ಅತ್ತಳು. "ಇದ್ದ ಅಕ್ಕಾ, ಒಬ್ಬ ಸೊಂಡಿಲುಹುಳ. ದಿನಾ ಕಚ್ಚೋನು, ದಿನಾ ಬಯ್ತಿದ್ದೆ. ಅವನು ಕಡಲಿನಾಚೆ ನನ್ನೂರಲ್ಲೇ ಉಳಿದ. ಕಚ್ಚೋರಿಲ್ಲದೆ ನನಗೆ ಬೆಳೆಯೋದನ್ನ ನಿಲ್ಲಿಸೋಕೇ ಬರ್ತಿಲ್ಲ."

"ಮೊದಲೇ ಹೇಳಬಾರದಾಗಿತ್ತಾ?"

"ನೀನು ಕೇಳಲಿಲ್ಲವಲ್ಲ."

ಕುಚ್ಚವ್ವ ತೇಲುತ್ತಿದ್ದ ಗೆಂಡೆಗಳ ಕಡೆ ತಿರುಗಿದಳು.

"ನಿನ್ನ ಕೂಸುಗಳ ಉಸಿರು ತಿಂದೆನಲ್ಲ ಅಕ್ಕಾ. ಇಗೋ, ಇನ್ನು ನಾನು ಉಸಿರಾಡಲ್ಲ," ಅಂದವಳೇ ಅಂತರಗಂಗೆ ಉಸಿರು ಬಿಗಿಹಿಡಿದಳು. ಹಿಡಿದು ಹಿಡಿದು ದಂಟು ಬುಗ್ಗೆಯಂತೆ ಉಬ್ಬಿತು. ಆದರೂ ಮಾರನೇ ದಿನ ಪಕ್ಕದಲ್ಲಿ ಇನ್ನೆರಡು ಗಿಡ!

ಆಗ ಆಮೆ ಮೇಷ್ಟ್ರು ಅಂದರು, "ತಪ್ಪು ನನ್ನದೂ ಇದೆ. ಅವತ್ತು ಬಾಯಿ ಬಿಡಬೇಕಿತ್ತು. ತಿನ್ನೋರಿಲ್ಲದಿದ್ದರೆ ಹುಡುಕೋಣ." ಏರಿ ಹತ್ತಿ, ಕುಂಬಳದ ಬಳ್ಳಿಗೆ ಮಣ್ಣು ಕೊಡುತ್ತಿದ್ದ ನಿಂಗಾಜಮ್ಮ ಅನ್ನೋ ತೋಟದವಳಿಗೆ ಎಲ್ಲ ಹೇಳಿದರು.

ನಿಂಗಾಜಮ್ಮ ಸೆರಗು ಸಿಕ್ಕಿಸಿ ನೀರಿಗಿಳಿದಳು. "ನನ್ನ ಬಳ್ಳಿಗೂ ಹಸಿವು ಮೇಷ್ಟ್ರೇ. ಇವಳು ಕೊಳೆತು ಗೊಬ್ಬರ ಆಗಲಿ, ಅದು ತಿನ್ನಲಿ."

"ಎಳಿ ಅವ್ವಾ," ಅಂದಳು ಅಂತರಗಂಗೆ, "ಒಂದು ದಿನವೂ ಮರೀಬೇಡ."

ತೆಕ್ಕೆ ತೆಕ್ಕೆ ಎಳೆದು ಪಾತಿಗೆ ಹಾಕಿದಂತೆಲ್ಲ ನೀರಿಗೆ ಬಿಸಿಲು ಇಳಿಯಿತು. ಉಳಿದಿದ್ದ ಗೆಂಡೆಗಳು ಮಿರಮಿರ ಮಿಂಚಿದವು. ಚಿಟ್ಟ ತೂಬಿನ ಕಲ್ಲಿಗೆ ಹೋಗಿ ಮೂರನೇ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಒಪ್ಪಿಸಿದ.

ಅದಕ್ಕೇ ಮರೀ, ಕುಚ್ಚುಮೀನು ಇಂದಿಗೂ ಆಗಾಗ ಮೇಲೆ ಬಂದು ಗುಳುಕ್ ಅಂತ ಗಾಳಿ ಕುಡಿದು ಹೋಗುತ್ತದೆ. ಕೆರೆಯಿಂದ ಅಂತರಗಂಗೆ ಎಳೆಯುವಾಗ ಅದರ ಉಬ್ಬಿದ ದಂಟನ್ನು ನೀನು ಹಿಸುಕಿದರೆ ಪುಸ್ ಅಂತ ಗಾಳಿ ಹೊರಗೆ ಬರುತ್ತದಲ್ಲ, ಅದು ಅವಳು ಅಂದು ಹಿಡಿದಿಟ್ಟ ಉಸಿರು.