ಗದ್ದುಗೆಯಿಂದ ಎದ್ದ ರಾಣಿ

ಒಂದಾನೊಂದು ಊರು. ಹೆಸರು ಹೇಳಿದರೆ ಆ ಊರಿನವರು ನನ್ನ ಹತ್ತಿರ ಜಗಳಕ್ಕೆ ಬರ್ತಾರೆ, ಅದಕ್ಕೇ ಹೇಳಲ್ಲ. ಆ ಊರಿಗೆ ಹೊನ್ನಾಜಮ್ಮಣ್ಣಿ ಅಂತ ಒಬ್ಬ ರಾಣಿ ಇದ್ದಳಂತೆ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಪ್ಪ ತೀರಿಕೊಂಡಿದ್ದ, ಗದ್ದುಗೆ ಅವಳ ಪಾಲಿಗೆ ಬಂದಿತ್ತು.

ಆ ಅರಮನೇಲಿ ಒಂದು ಕಟ್ಟಳೆ. ಹೊತ್ತು ಮೂಡುವಾಗ ಒಂದು ನಗಾರಿ, ಹೊತ್ತು ಮುಳುಗುವಾಗ ಒಂದು ನಗಾರಿ. ಈ ನಗಾರಿಗೂ ಆ ನಗಾರಿಗೂ ನಡುವೆ ಗದ್ದುಗೆ ಮೇಲೆ ಕೂತವರು ಏಳಂಗಿಲ್ಲ. ಎದ್ದರೆ ಗದ್ದುಗೆ ಹೋಯ್ತು. ರಾಣಿ ಏಳದೆ ಪ್ರಧಾನಿ ಏಳೋದು ಹೆಂಗೆ? ಪ್ರಧಾನಿ ಏಳದೆ ಶಾನುಭೋಗ ಏಳೋದು ಹೆಂಗೆ? ಹಂಗಾಗಿ ಇಡೀ ಸಭೆಯೇ ಹಲ್ಲು ಕಚ್ಚಿಕೊಂಡು, ಕಾಲಿಗೆ ಕಾಲು ಹೆಣೆದುಕೊಂಡು ಸಂಜೆ ತನಕ ಕೂತಿರೋದಂತೆ. ಪರವೂರಿನಿಂದ ಬಂದವರು ‘ಎಂಥಾ ಗಂಭೀರವಾದ ಸಭೆ’ ಅಂತ ಹೊಗಳಿ ಹೋಗೋರಂತೆ.

ರಾಣಿ ಒಂದು ಉಪಾಯ ಮಾಡಿಕೊಂಡಳು. ನೀರು ಕುಡಿದರೆ ತಾನೇ ಏಳಬೇಕಾಗೋದು? ಕುಡಿಯೋದನ್ನೇ ಬಿಟ್ಟಳು. ಬೆಳಿಗ್ಗೆ ಒಂದು ಗುಟುಕು, ಸಂಜೆ ಒಂದು ಗುಟುಕು. ಒಂದು ತಿಂಗಳು ಕಳೀತು, ಎರಡು ತಿಂಗಳು ಕಳೀತು. ಮೂರನೇ ತಿಂಗಳಿಗೆ ಸೊಂಟದ ಮೇಲೆ, ಬೆನ್ನಿನ ಒಳಗೆ, ಗೂಟ ಹೊಡೆದ ಹಾಗೆ ನೋವು. ಮುಖ ಊದಿತು, ಕಾಲು ಊದಿತು, ಮೈ ಕಾದ ಹೆಂಚಿನಂತಾಯ್ತು. ರಾಣಿ ಹಾಸಿಗೆ ಹಿಡಿದಳು.

ಏಳೂರಿನ ಏಳು ಜನ ವೈದ್ಯರು ಬಂದರಂತೆ. ನಾಡಿ ಹಿಡಿದರು, ನಾಲಿಗೆ ನೋಡಿದರು, ಊಟ ಸೇರುತ್ತಾ ಅಂದರು, ನಿದ್ದೆ ಬರುತ್ತಾ ಅಂದರು. ಉಚ್ಚೆ ಸರಿಯಾಗಿ ಹೋಗುತ್ತಾ ಅಂತ ಒಬ್ಬನೂ ಕೇಳಲಿಲ್ಲ. ರಾಣಿಯನ್ನ ಅಂಥ ಮಾತು ಕೇಳೋದುಂಟೇ? ಅವಳಿಗೂ ಹೇಳೋಕೆ ನಾಚಿಕೆ. ಆ ನಾಚಿಕೆ ಆ ಹುಡುಗಿ ಜೀವವನ್ನೇ ತೆಗೀತಿತ್ತು, ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಅರಮನೆ ಕೊಟ್ಟಿಗೇಲಿ ಹಾಲು ಕರೆಯೋಳು ಜುಂಜಕ್ಕ ಅಂತ, ಗೊಲ್ಲರ ಹಟ್ಟಿಯ ಮುದುಕಿ. ಬೇರೆಯವರು ದನದ ಮುಖ ನೋಡಿದರೆ, ಜುಂಜಕ್ಕ ಮೊದಲು ಬಾಲದ ಕಡೆ ನೋಡೋಳಂತೆ. ದಿನಾ ಕೆಚ್ಚಲಿಗೆ ಕೈ ಹಾಕೋಕೆ ಮುಂಚೆ ಸೆಗಣಿ ನೋಡೋಳು, ಗಂಜಲ ನೋಡೋಳು. ಎಲ್ಲಾ ಸರಿಯಾಗಿದ್ದರೆ ಆಮೇಲೆ ಚೊಂಬು ಹಿಡಿದು ಕೂರೋಳು. ರಾಣಿಗೆ ಹಿಂಗಾಗಿದೆ ಅಂತ ಕೇಳಿದ್ದೇ, ಕೈ ತೊಳೆದುಕೊಂಡು ನೇರವಾಗಿ ಒಳಮನೆಗೆ ಬಂದಳು.

“ಅಮ್ಮಣ್ಣಿ, ಉಚ್ಚೆ ಹೊಯ್ದು ಎಷ್ಟು ಹೊತ್ತಾಯ್ತು?” ಅಂದಳು.

ದಾಸಿಯರು ಕಿವಿ ಮುಚ್ಚಿಕೊಂಡರು. ರಾಣಿ ಗೋಡೆ ಕಡೆ ಮುಖ ತಿರುಗಿಸಿ, “ನಿನ್ನೆ ಸಂಜೆ. ಒಂದೇ ಒಂದು ಚೂರು, ಕಷಾಯದ ಬಣ್ಣ. ಉರಿ ತಡೆಯೋಕಾಗಲ್ಲ ಅಕ್ಕ,” ಅಂತ ಅತ್ತುಬಿಟ್ಟಳು.

ಜುಂಜಕ್ಕ ಹತ್ತಿರ ಕೂತು ತಲೆ ಸವರಿದಳು. “ಇದರಲ್ಲಿ ನಾಚಿಕೆ ಎಂಥದು ತಾಯಿ? ಹಸು ಸೆಗಣಿ ಹಾಕುತ್ತೆ, ಕುದುರೆ ಲದ್ದಿ ಹಾಕುತ್ತೆ, ಮೇಕೆ ಹಿಕ್ಕೆ ಹಾಕುತ್ತೆ. ಹಕ್ಕಿಗೆ ಬೇರೆ ಬೇರೆ ಬಾಗಿಲೇ ಇಲ್ಲ, ಕರಿದೂ ಬಿಳಿದೂ ಎರಡನ್ನೂ ಒಂದೇ ಸಲ ಉದುರಿಸಿ ಹಾರಿಹೋಗುತ್ತೆ. ನಮ್ಮ ಹಟ್ಟೀಲಿ ಕುರಿ ಕೊಯ್ದಾಗ ನೋಡಿದ್ದೀನಿ, ಬೆನ್ನಿನ ಒಳಗೆ ಅವರೆಕಾಳಿನ ಆಕಾರದ ಎರಡು ಕಾಯಿ ಇರ್ತವೆ. ನಿಮಗೂ ಇವೆ, ನನಗೂ ಇವೆ. ಮೈಯೊಳಗಿನ ರಕ್ತದಿಂದ ಕೊಳೆ ಸೋಸಿ ಸೋಸಿ ಕೆಳಗಿನ ಚೀಲಕ್ಕೆ ಬಿಡೋದೇ ಅವುಗಳ ಕೆಲಸ. ನೀವು ನೀರೂ ಕೊಡಲಿಲ್ಲ, ಚೀಲ ಬರಿದು ಮಾಡೋಕೂ ಬಿಡಲಿಲ್ಲ. ಪಾಪ, ಅವು ಎಷ್ಟು ಅಂತ ದುಡಿದಾವು?”

ಅವತ್ತಿನಿಂದ ಎಳನೀರು ಕೊಟ್ಟಳು, ಬಾಳೆದಿಂಡಿನ ರಸ ಕೊಟ್ಟಳು, ಗಳಿಗೆಗೊಂದು ಲೋಟ ನೀರು ಕುಡಿಸಿದಳು. ಮೂರು ದಿನ ಉರಿ, ಮೂರು ದಿನ ನೋವು. ಏಳನೇ ದಿನ ಜೋಳದ ಕಾಳಿನಷ್ಟು ಒಂದು ಕಲ್ಲು ಹೊರಗೆ ಬಿತ್ತಂತೆ. ಆಮೇಲೆ ಎಲ್ಲಾ ಸರಾಗ. ಊತ ಇಳೀತು, ರಾಣಿ ನಕ್ಕಳು.

“ಇನ್ನು ಮೇಲೆ ಬಂದಾಗ ಏಳಬೇಕು, ತಡೀಬಾರದು. ಇನ್ನೊಂದು ಸಲ ಹಿಂಗಾದರೆ ನನ್ನ ಕೈಲಿ ಆಗಲ್ಲ,” ಅಂದಳು ಜುಂಜಕ್ಕ.

“ಎದ್ದರೆ ಗದ್ದುಗೆ ಹೋಗುತ್ತಲ್ಲ ಅಕ್ಕ?”

“ಏಳದೆ ಇದ್ದರೆ ನೀವೇ ಹೋಗ್ತೀರಿ.”

ಮಾರನೇ ದಿನ ನಗಾರಿ ಬಾರಿಸಿದರು, ರಾಣಿ ಗದ್ದುಗೆ ಏರಿದಳು. ಜುಂಜಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಹೊತ್ತು ನೆತ್ತಿಗೆ ಬರೋ ಹೊತ್ತಿಗೆ ರಾಣಿಗೆ ಒತ್ತರಿಸಿ ಬಂತು. ಒಂದು ಸಲ ಗದ್ದುಗೆ ನೋಡಿದಳು, ಒಂದು ಸಲ ಜುಂಜಕ್ಕನ್ನ ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ನೆಟ್ಟಗೆ ಹಿತ್ತಿಲಿಗೆ ನಡೆದಳು.

ಸಭೆ ಅಂದರೆ ಸಭೆ, ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯ್ತಂತೆ. ಪ್ರಧಾನಿ, “ಗದ್ದುಗೆ ಖಾಲಿಯಾಯ್ತು. ಪಟ್ಟದಾನೆ ಕರೆಸಿ,” ಅಂದ. ಆ ಊರಲ್ಲಿ ಗದ್ದುಗೆ ಖಾಲಿಯಾದರೆ ಆನೆ ಸೊಂಡಿಲಿಗೆ ಹಾರ ಕೊಟ್ಟು ಬಿಡೋರು. ಅದು ಯಾರ ಕೊರಳಿಗೆ ಹಾಕುತ್ತೋ ಅವರೇ ಅರಸು. ಪ್ರಧಾನಿ, ದಳವಾಯಿ, ಶಾನುಭೋಗ, ಎಲ್ಲರೂ ಪೇಟ ಸರಿಮಾಡಿಕೊಂಡು ಸಾಲಾಗಿ ನಿಂತರು. ಯಾರಿಗೆ ಬೇಡ ಹೇಳಿ ಗದ್ದುಗೆ? ಅಷ್ಟರಲ್ಲಿ ರಾಣಿಯೂ ವಾಪಸ್ಸು ಬಂದು ಸಾಲಿನ ಕೊನೇಲಿ ನಿಂತಳು.

ಆನೆ ಬಂತು. ಒಡ್ಡೋಲಗದ ನಟ್ಟನಡುವೆ ನಿಂತಿತು. ಬಾಲ ಎತ್ತಿ ಬುಟ್ಟಿಗಟ್ಟಲೆ ಲದ್ದಿ ಹಾಕಿತು, ಕೊಡಗಟ್ಟಲೆ ಉಚ್ಚೆ ಹೊಯ್ತು. ರತ್ನಗಂಬಳಿ ತೊಯ್ದುಹೋಯ್ತು. ಅರಸರನ್ನ ಮಾಡೋ ಆನೆಗೆ ಹಂಗೆಲ್ಲಾ ಮಾಡಬೇಡ ಅನ್ನೋರು ಯಾರು?

ಆ ನೀರಿನ ಸದ್ದು ಇತ್ತಲ್ಲ, ಅದು ಸಭೆಯವರ ಪ್ರಾಣ ಹಿಂಡಿಬಿಡ್ತು. ಬೆಳಗಿನಿಂದ ತಡೆದುಕೊಂಡಿದ್ದವರು ಅವರು, ಸಾಲು ಬಿಟ್ಟು ಹಿತ್ತಿಲಿಗೆ ಹೋದರೆ ಹಾರ ಕೈತಪ್ಪುತ್ತೆ ಅಂತ ಈಗಲೂ ತಡೆದುಕೊಂಡೇ ನಿಂತಿದ್ದರು. ಆನೆ ಪ್ರಧಾನಿ ಹತ್ತಿರ ಹೋಯ್ತು. ಪ್ರಧಾನಿ ಆ ಕಾಲಿಂದ ಈ ಕಾಲಿಗೆ ಕುಣೀತಿದ್ದ. ಆನೆ ಮುಂದೆ ಹೋಯ್ತು. ದಳವಾಯಿ ಹತ್ತಿರ ಹೋಯ್ತು. ದಳವಾಯಿ ಬೆವರಿ ನೀರಾಗಿ ನಡುಗುತ್ತಿದ್ದ. ಆನೆ ಮುಂದೆ ಹೋಯ್ತು. ಶಾನುಭೋಗ ಹೊಟ್ಟೆ ಹಿಡಿದುಕೊಂಡು ಎರಡು ಮಡಿಕೆಯಾಗಿದ್ದ, ಹಾರ ಹಾಕೋಕೆ ಕೊರಳೇ ಸಿಗಲಿಲ್ಲ. ಕುಣಿಯೋರು, ನಡುಗೋರು ಕಂಡರೆ ಆನೆಗೂ ಹೆದರಿಕೆ. ಇಡೀ ಸಭೇಲಿ ನೆಮ್ಮದಿಯಾಗಿ, ನೆಟ್ಟಗೆ ನಿಂತಿದ್ದೋಳು ಒಬ್ಬಳೇ. ಆನೆ ಅವಳ ಹತ್ತಿರ ಹೋಗಿ ಮೆಲ್ಲಗೆ ಹಾರ ಹಾಕಿತಂತೆ.

ರಾಣಿ ಮತ್ತೆ ಗದ್ದುಗೆ ಏರಿ ಕೂತಳು. ಕೂತು ಕೊಟ್ಟ ಮೊದಲ ಅಪ್ಪಣೆ ಏನು ಗೊತ್ತೇ? “ಇವತ್ತಿಂದ ಮಧ್ಯಾಹ್ನಕ್ಕೂ ಒಂದು ನಗಾರಿ. ಅದು ಬಾರಿಸಿದಾಗ ಎಲ್ಲರೂ ಏಳಬೇಕು. ನಡುವೆ ಬಂದರೂ ಯಾರೂ ತಡೀಬಾರದು, ಯಾರನ್ನೂ ತಡೆಯಕೂಡದು.”

ಇನ್ನೂ ನಗಾರಿಗೆ ಕೋಲು ಬಿದ್ದಿರಲಿಲ್ಲ, ಎಪ್ಪತ್ತು ವರ್ಷದ ಪ್ರಧಾನಿ ಪೇಟ ಅಲ್ಲೇ ಬಿಟ್ಟು, ಪಂಚೆ ಎತ್ತಿಕಟ್ಟಿ, ಎಲ್ಲರಿಗಿಂತ ಮುಂದೆ ಹಿತ್ತಿಲಿಗೆ ಓಡಿದನಂತೆ. ನಲವತ್ತು ವರ್ಷದಿಂದ ಆ ಕಟ್ಟಳೆ ಕಾದವನು. ತಿರುಗಿ ಬಂದವನು ರಾಣಿ ಕಾಲಿಗೆ ಬಿದ್ದು, “ತಾಯಿ, ಇದನ್ನ ನಿಮ್ಮ ತಾತನ ಕಾಲದಲ್ಲೇ ಯಾರಾದರೂ ಹೇಳಬಾರದಿತ್ತೇ,” ಅಂತ ಗಳಗಳ ಅತ್ತನಂತೆ.

ಅವರು ಅಲ್ಲಿ ಹಗುರಾಗಿ ಬಾಳಿದರು, ನಾನು ಇಲ್ಲಿ ಕತೆ ಇಳಿಸಿ ಹಗುರಾದೆ. ನೀವೂ ಏಳೋರಿದ್ದರೆ ಎದ್ದು ಹೋಗಿ ಬನ್ನಿ.