ಪದ್ಮಲೆಯ ಗೆಜ್ಜೆ ನಿಂತ ದಿನ

ಬೆಳಗುಪ್ಪೆಯ ಅರಸರು ಡಂಗುರ ಸಾರಿಸಿದರು: "ನಮ್ಮ ಮಗಳು ಪದ್ಮಲೆಗೆ ಕೂತಲ್ಲಿ ನೆಮ್ಮದಿಯಿಲ್ಲ, ಮಲಗಿದರೆ ನಿದ್ದೆಯಿಲ್ಲ. ಅವಳ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡುತ್ತೇವೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ."

ರಾಜಕುಮಾರಿ ಗೆಜ್ಜೆಗಾಲಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಕೇಳುವಳು. "ಹೂತಷ್ಟೂ ಮೇಲೆ ಬರುವುದೇನು? ನೀನು ನನಗೇನೂ ಮಾಡಿಲ್ಲ, ಆದರೂ ನಿನ್ನ ಮೇಲೆ ಸಿಟ್ಟು. ಆ ಸಿಟ್ಟು ಯಾರ ಮೇಲಿನದು? ಬೇರೆಯವರು ಕೊಟ್ಟರೆ ಒಗ್ಗದು, ನಾನೇ ಕಂಡರೆ ನಿಲ್ಲುವುದು, ಅದೇನು?"

ನೆರೆನಾಡಿನ ಯುವರಾಜ ಮೊದಲನೆಯದಕ್ಕೆ "ಬೀಜ" ಎಂದು ಸೆರೆಮನೆ ಸೇರಿದ. ಸಿಂಗನೆಂಬ ಬಡವ "ಹೊನ್ನಿನ ಕೊಪ್ಪರಿಗೆ" ಎಂದು ಅವನ ಪಕ್ಕ ಕೂತ. ಸಿಂಗನ ತಮ್ಮ ಬೊಮ್ಮ ಬಾವಿಯ ಹೂಳೆತ್ತುವವನು. ಅಣ್ಣನ ತಲೆ ಉಳಿಸಬೇಕೆಂದು ಶಿವನನ್ನು ನೆನೆದು ಅರಮನೆಗೆ ಬಂದ.

"ಉತ್ತರ ನನಗೆ ಗೊತ್ತಿಲ್ಲ ಅಮ್ಮಣ್ಣಿ. ಅಮಾವಾಸ್ಯೆವರೆಗೂ ದಿನಾ ಇದೇ ಹೊತ್ತಿಗೆ ಬಂದು ಕೂರುತ್ತೇನೆ. ಮನಸ್ಸಿಗೆ ಬಂದದ್ದನ್ನು ಆರಿಸದೆ ಹೇಳಿ. ಬಾವಿಯಲ್ಲೂ ಮೊದಲು ಕೆಸರೇ ಬರುವುದು."

"ತಲೆ ಅಷ್ಟು ಭಾರವಾಯಿತೇನಯ್ಯಾ?"

"ಕೆಸರು ಹೊತ್ತು ಗಟ್ಟಿಯಾಗಿದೆ, ಅಮ್ಮಣ್ಣಿ."

ರಾಜಕುಮಾರಿ ಒಂದು ದಿನ ಅಡುಗೆಯವಳನ್ನು ಬೈದಳು, ಇನ್ನೊಂದು ದಿನ ಕನಸು ಹೇಳಿದಳು. ಬೊಮ್ಮ ದಿನವೂ ಚಾಪೆ ಹಾಸಿ ಕೂತು ಕೇಳಿದ. ಅಮಾವಾಸ್ಯೆ ಹತ್ತಿರವಾಯಿತು. ಒಂದು ದಿನ ಅವಳು ಸಿಡುಕಿದಳು: "ನಾಳೆ ಬರುತ್ತೇನೆ ಅನ್ನುತ್ತೀಯ. ನೀನೂ ಬರುವುದಿಲ್ಲ."

"ನಾನು ತಪ್ಪಿಸಿಲ್ಲವಲ್ಲ. ಹಾಗೆ ಹೇಳಿ ಬಾರದೆ ಹೋದವರು ಯಾರು?"

ಗೆಜ್ಜೆಯ ಸದ್ದು ನಿಂತಿತು.

"ಅವ್ವ," ಎಂದಳು. "ಕಾಯಿಲೆಯಲ್ಲಿ ಪಲ್ಲಕ್ಕಿ ಹತ್ತಿದಳು. ನಾಳೆ ಬರುತ್ತೇನೆ ಅಂದಳು. ಸತ್ತವರ ಹೆಸರೆತ್ತಬಾರದು ಅನ್ನುವುದು ಅರಮನೆಯ ಕಟ್ಟಳೆ. ನನಗೆ ಯಾರೂ ಏನೂ ಹೇಳಲಿಲ್ಲ. ನಾನು ಅಳಲೂ ಇಲ್ಲ." ಕೂತು ಅತ್ತಳು.

ಮರುದಿನ ಸಭೆಯಲ್ಲಿ ಬೊಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವಳೇ ಒಗಟು ಬಿಡಿಸಿದಳು. "ಹೂತಿಟ್ಟದ್ದು ಅಳು. ಸಿಟ್ಟು ಇವನ ಮೇಲಿನದಲ್ಲ, ಬಾರದೆ ಹೋದ ಅವ್ವನ ಮೇಲಿನದು."

ಅರಸರು ಹುಬ್ಬು ಗಂಟಿಕ್ಕಿದರು. "ಹೇಳಿದವಳು ನೀನು. ಇವನ ತಲೆ ಹೇಗೆ ಉಳಿದೀತು?"

"ಮೂರನೆಯದರ ಉತ್ತರ ಅದೇ, ಅಪ್ಪಾಜಿ. ನನ್ನ ನೋವಿನ ಅರ್ಥ ನಾನೇ ಕಾಣಬೇಕಿತ್ತು. ಎಲ್ಲರೂ ಉತ್ತರ ಕೊಡಲು ಬಂದರು. ಇವನು ಕೇಳಲು ಕೂತ."

ಅರಸರು ಒಪ್ಪಿದರು. ಬೊಮ್ಮ ಅಣ್ಣನನ್ನೂ ಸೆರೆಯಲ್ಲಿದ್ದವರೆಲ್ಲರನ್ನೂ ಕೇಳಿ ಬಿಡಿಸಿಕೊಂಡ. ಅರಸರು ಹೊನ್ನಿನ ತಟ್ಟೆ ತರಿಸಿ, "ಇನ್ನೇನು ಬೇಕು?" ಎಂದರು.

"ರಾಣಿಯವರ ಹೆಸರು ಒಮ್ಮೆ ಹೇಳಿ, ಮಹಾಸ್ವಾಮಿ."

"ಚೆಲುವಾಂಬೆ," ಎಂದರು ಅರಸರು. ಸಿಂಹಾಸನದಿಂದೆದ್ದು ಮಗಳಂತೆಯೇ ಅತ್ತಿಂದಿತ್ತ ತಿರುಗತೊಡಗಿದರು.

ಬೊಮ್ಮ ತಟ್ಟೆಯನ್ನು ಬದಿಗಿಟ್ಟು ಚಾಪೆ ಹಾಸಿದ.