ಪದರ ಕೊಟ್ಟ ಮಾತು

ಕೂದಲೆಳೆಗಿಂತ ತೆಳುವಾದ ಲೋಹದ ಪದರವೊಂದಿತ್ತು. ಪಕ್ಕದ ಅಯಸ್ಕಾಂತ ಹೊರಳಿದಂತೆಲ್ಲ ಅದರೊಳಗಿನ ದಾರಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಒಂದು ದಿನ ಎಲೆಕ್ಟ್ರಾನೊಂದು ತಮ್ಮನನ್ನು ಕರೆದುಕೊಂಡು ಅಂಚಿಗೆ ಬಂದು, “ಸ್ವಾಮಿ, ನಾವಿಬ್ಬರೂ ದಾಟುವವರೆಗೆ ದಾರಿ ಇರುತ್ತದೆಯೇ?” ಎಂದು ಕೇಳಿತು.

“ದಾರಿ ನನ್ನದು. ಧೈರ್ಯವಾಗಿ ಹೊರಡಿ,” ಎಂದಿತು ಪದರ.

ಅಣ್ಣ ಮುಂದೆ ಓಡಿ ಆಚೆ ಸೇರಿತು. ಅಷ್ಟರಲ್ಲಿ ಅಯಸ್ಕಾಂತ ಹೊರಳಿತು. ಪದರ ದಾರಿ ಮುಚ್ಚಿತು. ನಡುವೆ ಸಿಕ್ಕಿಬಿದ್ದ ತಮ್ಮನ ಕೂಗು ಸ್ವಲ್ಪ ಹೊತ್ತು ಕೇಳಿಸಿ ನಿಂತುಹೋಯಿತು.

“ದಾರಿ ನಿಮ್ಮದೆಂದಿರಲ್ಲ?” ಎಂದು ಅಣ್ಣ ಕೇಳಿತು.

“ನನ್ನದೇ. ತೆರೆಯುವುದು, ಮುಚ್ಚುವುದು ಮಾತ್ರ ಅಯಸ್ಕಾಂತದ ಇಷ್ಟ.”

“ಹಾಗೆಂದು ಮೊದಲೇ ಹೇಳಿದ್ದರೆ ನಾವು ಹೊರಡುತ್ತಲೇ ಇರಲಿಲ್ಲ.”

“ಹೇಳಿದ್ದರೆ ನನ್ನನ್ನು ಸ್ವಾಮಿ ಎಂದು ಯಾರು ಕರೆಯುತ್ತಿದ್ದರು?” ಎಂದಿತು ಪದರ.